ಗುಂಡು, ಮೊನೆ, ದಾರ: ಕೆಂದಾಮದ ಗುಣದೋಷ

ಕೆಂದಾಮ ಜಪಾನಿನ ಮರದ ಆಟಿಕೆ. ಒಂದು ಗೇಣಿಗಿಂತ ಕಡಿಮೆ ಉದ್ದದ ಹಿಡಿ, ಹಿಡಿಯ ತಲೆಭಾಗಕ್ಕೆ ಅಡ್ಡಲಾಗಿ ತೊಡಿಸಿದ ತುಂಡು, ದಾರದ ತುದಿಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ, ಕಿತ್ತಳೆಗಿಂತ ಚಿಕ್ಕದಾದ ಒಂದು ಗುಂಡು. ಇಷ್ಟೇ ಅದರ ಸಂಸಾರ. ಹಿಡಿಗೆ ಜಪಾನಿನವರು ಕೆನ್ ಎನ್ನುತ್ತಾರೆ, ಕತ್ತಿ ಎಂದರ್ಥ. ಗುಂಡಿಗೆ ತಾಮ ಎನ್ನುತ್ತಾರೆ. ಎರಡೂ ಕೂಡಿದಾಗ ತಕಾರ ಹೋಗಿ ದಕಾರ ಬರುತ್ತದೆ. ಬೆಟ್ಟವೂ ತಾವರೆಯೂ ಸೇರಿ ಬೆಟ್ಟದಾವರೆ ಆಗುವುದನ್ನು ಶಾಲೆಯಲ್ಲಿ ಆದೇಶಸಂಧಿ ಎಂದು ಕಲಿತವರಿಗೆ ಇದರಲ್ಲಿ ಹೊಸತೇನೂ ಕಾಣದು.

ಹಿಡಿಯ ಮೇಲ್ತುದಿ ಮೊನಚು. ಅಡ್ಡತುಂಡಿನ ಎರಡು ತುದಿಗಳಲ್ಲಿ ಒಂದೊಂದು ಬಟ್ಟಲು, ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಹಿಡಿಯ ಬುಡದಲ್ಲಿ ಮೂರನೆಯ ಬಟ್ಟಲು. ಗುಂಡಿನಲ್ಲಿ ಒಂದು ಆಳವಾದ ತೂತು. ಗುಂಡನ್ನು ಮೇಲಕ್ಕೆ ಎಳೆದು ಬಟ್ಟಲಿನಲ್ಲಿ ಕೂರಿಸಬೇಕು, ಇಲ್ಲವೇ ತೂತಿನೊಳಕ್ಕೆ ಮೊನೆ ಹೊಗಿಸಬೇಕು. ಕೆಲವು ವರಸೆಗಳಲ್ಲಿ ಪಾತ್ರ ಅದಲುಬದಲಾಗುತ್ತದೆ: ಗುಂಡು ಕೈಯಲ್ಲಿರುತ್ತದೆ, ಹಾರುವುದು ಹಿಡಿ.

ಗುಂಡನ್ನು ಎಸೆದು ಬಟ್ಟಲಲ್ಲಿ ಹಿಡಿಯುವ ಆಟ ಜಪಾನಿಗಷ್ಟೇ ಸೇರಿದ್ದಲ್ಲ. ಫ್ರಾನ್ಸಿನಲ್ಲಿ ಬಿಲ್ಬೊಕೆ ಎಂಬ ಆಟ 16ನೆಯ ಶತಮಾನದಲ್ಲೇ ಇತ್ತು. ದೊರೆ ಮೂರನೆಯ ಹೆನ್ರಿಗೆ ಅದರ ಹುಚ್ಚಿತ್ತು ಎನ್ನುತ್ತಾರೆ. ಜಪಾನಿನಲ್ಲಿ 1809ರ ಒಂದು ಪುಸ್ತಕದಲ್ಲಿ ಇಂಥ ಆಟದ ವಿವರ ಸಿಗುತ್ತದೆ. ಆಗ ಅದು ಮಕ್ಕಳ ಆಟವಾಗಿರಲಿಲ್ಲ, ಕುಡಿತದ ಕೂಟದಲ್ಲಿ ದೊಡ್ಡವರು ಆಡುತ್ತಿದ್ದದ್ದು. ಇಂದಿನ ರೂಪ ಬಂದದ್ದು ಹಿರೋಷಿಮಾ ಪ್ರಾಂತ್ಯದ ಕುರೆ ಊರಿನ ಎಗುಸಾ ಹಮಾಜಿ ಎಂಬವರಿಂದ. ಅಡ್ಡತುಂಡಿನ ಎರಡು ಬಟ್ಟಲು, ಬುಡದ ಬಟ್ಟಲು, ಮೊನೆ ಎಲ್ಲವೂ ಕೂಡಿದ ಅವರ ವಿನ್ಯಾಸ 1919ರಲ್ಲಿ ನೋಂದಣಿಯಾಯಿತು. ಕೆಂಪು ಗುಂಡು ಸೂರ್ಯ, ಬಟ್ಟಲಿನ ಬಾಗು ಚಂದ್ರ ಎಂದುಕೊಂಡು ಅದಕ್ಕೆ ‘ಸೂರ್ಯಚಂದ್ರರ ಚೆಂಡು’ ಎಂಬರ್ಥದ ಹೆಸರಿಟ್ಟರು. ಮರಗೆಲಸಕ್ಕೆ ಹೆಸರಾಗಿದ್ದ ಹತ್ಸುಕಾಯಿಚಿ ಊರಿನಲ್ಲಿ ತಯಾರಿಕೆ ಬೆಳೆಯಿತು. 2014ರಿಂದ ಕೆಂದಾಮದ ವಿಶ್ವಕಪ್ ನಡೆಯುತ್ತಿರುವುದೂ ಅದೇ ಊರಿನಲ್ಲಿ.

ವಿನ್ಯಾಸ ಒಂದೇ ಆದರೂ ಎಲ್ಲ ಕೆಂದಾಮಗಳೂ ಆಡಲು ಬರುವುದಿಲ್ಲ. ಜಪಾನಿನ ಪ್ರವಾಸಿ ಊರುಗಳಲ್ಲಿ ನೆನಪಿನ ಕಾಣಿಕೆಯಾಗಿ ಮಾರುವ ಕೆಂದಾಮಗಳಿವೆ. ಬಣ್ಣದ ಪಟ್ಟೆ, ಊರಿನ ಹೆಸರು, ಚಂದದ ಹೊಳಪು ಎಲ್ಲವೂ ಇರುತ್ತದೆ. ಮೊನೆ ಮಾತ್ರ ತೂತಿಗೆ ಹೋಗುವುದಿಲ್ಲ, ಹೋದರೂ ಗುಂಡು ಓರೆಯಾಗಿ ನಿಲ್ಲುತ್ತದೆ. ಮಗು ನೂರು ಸಲ ಪ್ರಯತ್ನಿಸಿ ತನ್ನ ಕೈಯನ್ನೇ ಶಪಿಸಿಕೊಳ್ಳುತ್ತದೆ, ತಪ್ಪು ಮರದ್ದು. ಮಕ್ಕಳ ಸಾಹಿತಿ ಫುಜಿವಾರಾ ಇಸ್ಸೆ 1975ರಲ್ಲಿ ಜಪಾನ್ ಕೆಂದಾಮ ಸಂಘವನ್ನು ಕಟ್ಟಿದ ಮೇಲೆ ಅಳತೆಗಳಿಗೆ ಒಂದು ಕಟ್ಟು ಬಂತು. ಸಂಘದ ಮಾನ್ಯತೆ ಪಡೆದ ಆಟಿಕೆಗಳಲ್ಲೇ ದರ್ಜೆ ಪರೀಕ್ಷೆ, ಸ್ಪರ್ಧೆ. ಯಾಮಗಾತಾ ಪ್ರಾಂತ್ಯದ ನಾಗಾಯಿ ಊರಿನಲ್ಲಿ ತಯಾರಾಗುವ ‘ಓಜೊರಾ’ ಅಂಥವುಗಳಲ್ಲಿ ಪ್ರಸಿದ್ಧವಾದದ್ದು.

ಆಟಗಾರರು ‘ಇದು ಚೆನ್ನಾಗಿ ಆಡುತ್ತದೆ’ ಎಂದರೆ ಅದರ ತಾತ್ಪರ್ಯ ಸರಳ. ಒಂದೇ ರೀತಿ ಎಳೆದರೆ ಹತ್ತು ಸಲವೂ ಗುಂಡು ಒಂದೇ ರೀತಿ ಏಳಬೇಕು, ಒಂದೇ ರೀತಿ ಇಳಿಯಬೇಕು. ತಪ್ಪಿದಾಗ ಯಾಕೆ ತಪ್ಪಿತೆಂದು ಕೈಗೆ ಗೊತ್ತಾಗಬೇಕು. ಕೆಟ್ಟ ಕೆಂದಾಮದಲ್ಲಿ ಆರು ಸಲ ಆರು ತರಹ.

ಇದಕ್ಕೆ ಮೊದಲ ಹೊಣೆ ಗುಂಡಿನದು. ದಾರ ಗುಂಡಿನ ನೆತ್ತಿಯ ಸಣ್ಣ ರಂಧ್ರದಿಂದ ಒಳಹೊಕ್ಕು, ದೊಡ್ಡ ತೂತಿನ ಒಳಗೆ ಒಂದು ಮಣಿಗೆ ಗಂಟು ಬಿದ್ದಿರುತ್ತದೆ. ಹೀಗಾಗಿ ತೂಗುಬಿಟ್ಟ ಗುಂಡಿನ ತೂತು ಸದಾ ನೆಲ ನೋಡುತ್ತದೆ. ತೊಮೆಕೆನ್ ಎಂಬ ಮೂಲ ಪಾಠವನ್ನು ಹತ್ತಿರದಿಂದ ನೋಡಿದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ಆಟಗಾರ ಹಿಡಿಯನ್ನು ಪೆನ್ನಿನಂತೆ ಹಿಡಿದು, ಮೊಣಕಾಲು ತುಸು ಬಗ್ಗಿಸಿ, ಗುಂಡು ಅಲುಗಾಟ ನಿಲ್ಲಿಸುವವರೆಗೆ ಕಾಯುತ್ತಾನೆ. ಆಮೇಲೆ ಮೊಣಕಾಲಿನ ಬಲದಿಂದಲೇ ನೇರ ಮೇಲಕ್ಕೆ ಎಳೆಯುತ್ತಾನೆ. ಗುಂಡು ಎದೆಯ ಮಟ್ಟಕ್ಕೆ ಬರುತ್ತದೆ, ದಾರ ಸಡಿಲವಾಗುತ್ತದೆ. ಆ ಕ್ಷಣದಿಂದ ಗುಂಡಿನ ಮೇಲೆ ಯಾರ ಹಿಡಿತವೂ ಇಲ್ಲ. ಹೊರಡುವಾಗ ತಿರುಗದೆ ಹೊರಟಿದ್ದರೆ ತೂತು ಕೆಳಗೇ ಇರುತ್ತದೆ. ಮೊನೆಯನ್ನು ಅದರಡಿಗೆ ತಂದರೆ ಟಕ್ ಎಂದು ಕೂರುತ್ತದೆ. ಹೊರಡುವಾಗ ಸ್ವಲ್ಪ ಉರುಳಿದ್ದರೂ ಆ ಉರುಳು ಗಾಳಿಯಲ್ಲಿ ತಾನಾಗಿ ನಿಲ್ಲುವುದಿಲ್ಲ.

ಈಗ ನೆತ್ತಿಯ ರಂಧ್ರ ನಡುವಿನಿಂದ ಒಂದೆರಡು ಮಿಲಿಮೀಟರ್ ಸರಿದಿದೆ ಎಂದುಕೊಳ್ಳಬಹುದು. ತೂಗುಬಿಟ್ಟಾಗ ಗುಂಡಿನ ತೂಕದ ನಡುಬಿಂದು ದಾರದ ನೇರಕ್ಕೆ ಬಂದು ನಿಲ್ಲುತ್ತದೆ, ತೂತು ಪಕ್ಕಕ್ಕೆ ವಾಲುತ್ತದೆ. ಕೈ ಎಷ್ಟೇ ನೇರ ಎಳೆದರೂ ಗುಂಡು ಓರೆಯಾಗಿಯೇ ಏಳುತ್ತದೆ. ತೂತನ್ನೇ ಓರೆಯಾಗಿ ಕೊರೆದಿದ್ದರೂ ಇದೇ ಗತಿ. ಮರ ಎಲ್ಲೆಡೆ ಒಂದೇ ಸಮ ಇಲ್ಲದಿರುವುದು ಇನ್ನೊಂದು ಕಾರಣ: ಒಂದು ಮಗ್ಗುಲಲ್ಲಿ ಮರದ ಗಂಟು ಇದ್ದರೆ ಆ ಮಗ್ಗುಲು ಭಾರ. ಅನುಭವಿ ಆಟಗಾರರು ಎಳೆಯುವ ಮೊದಲು ಗುಂಡನ್ನು ಬೆರಳಿನಿಂದ ಬುಗುರಿಯ ಹಾಗೆ ತಿರುಗಿಸಿ ಬಿಡುವುದುಂಟು. ದಾರವೇ ಅಚ್ಚಾಗಿ ತಿರುಗುವ ಗುಂಡು ಸುಲಭಕ್ಕೆ ಮಗ್ಗುಲಾಗುವುದಿಲ್ಲ. ಸಮತೂಕ ತಪ್ಪಿದ ಗುಂಡಿಗೆ ಈ ಉಪಾಯವೂ ನಾಟದು, ತಿರುಗುವಾಗಲೇ ನಡುಗುತ್ತದೆ.

ಗುಂಡಿನ ಗಾತ್ರದ ಲೆಕ್ಕ ಮೋಸಗೊಳಿಸುವಂಥದ್ದು. ಜಪಾನಿನ ಸಾಂಪ್ರದಾಯಿಕ ಆಟಿಕೆಯ ಗುಂಡು 60 ಮಿಲಿಮೀಟರ್ ಅಡ್ಡಳತೆಯದು. ಅಮೆರಿಕ, ಯುರೋಪುಗಳಲ್ಲಿ ಆಟ ಹರಡಿದ ಮೇಲೆ ಬಂದ ಹಲವು ಮಾದರಿಗಳಲ್ಲಿ ಗುಂಡು ಇದಕ್ಕಿಂತ ಒಂದೆರಡು ಮಿಲಿಮೀಟರ್ ದಪ್ಪ. ಎರಡು ಮಿಲಿಮೀಟರ್ ಏನು ಮಹಾ ಎನಿಸಬಹುದು. ಆದರೆ 60ರ ಗುಂಡಿನ ಘನ ಅಳತೆ 113 ಘನ ಸೆಂಟಿಮೀಟರ್, 62ರದು ಸುಮಾರು 125. ಹತ್ತಕ್ಕೆ ಒಂದು ಪಾಲಿನಷ್ಟು ಹೆಚ್ಚು ಮರ, ಅಷ್ಟೇ ಹೆಚ್ಚು ಭಾರ. ಮರದ ಜಾತಿಯಿಂದಲೂ ಇಂಥದೇ ವ್ಯತ್ಯಾಸ ಹುಟ್ಟುತ್ತದೆ. ಒಣಗಿದ ಬೀಚ್ ಮರ ಒಂದು ಘನ ಸೆಂಟಿಮೀಟರಿಗೆ ಸುಮಾರು 0.7 ಗ್ರಾಂ ತೂಗಿದರೆ ಅಮೆರಿಕದ ಚೆರ್ರಿ ಸುಮಾರು 0.56. ತೂತು ಕೊರೆಯುವ ಮುಂಚಿನ 60ರ ಗುಂಡು ಬೀಚಿನದಾದರೆ 79 ಗ್ರಾಂ, ಚೆರ್ರಿಯದಾದರೆ 63. ಕೈಗೆ ಇದು ತಕ್ಷಣ ತಿಳಿಯುತ್ತದೆ. ಭಾರವಾದ ಗುಂಡು ದಾರದ ಸಣ್ಣಪುಟ್ಟ ಸೆಳೆತಕ್ಕೆ ಕದಲದೆ ಗಾಳಿಯಲ್ಲಿ ಶಾಂತವಾಗಿರುತ್ತದೆ, ತಡವಾಗಿ ಉರುಳುತ್ತದೆ. ಆದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಹಗುರಾದದ್ದು ಚುರುಕು, ಜೊತೆಗೆ ಚಂಚಲ. ಇಡೀ ಕೆಂದಾಮದ ತೂಕ 140 ಗ್ರಾಂ ಆಸುಪಾಸಿನಲ್ಲಿದ್ದು, ಹಿಡಿಯೂ ಗುಂಡೂ ಹೆಚ್ಚು ಕಡಿಮೆ ಅದನ್ನು ಸಮಪಾಲು ಮಾಡಿಕೊಂಡಿದ್ದರೆ ಗುಂಡು ಹಾರುವ ವರಸೆಗೂ ಹಿಡಿ ಹಾರುವ ವರಸೆಗೂ ಒಂದೇ ಕೈಯಳತೆ ಸಾಕಾಗುತ್ತದೆ.

ತೂತಿನ ಬಾಯಿಗೆ ಒಳಮುಖವಾದ ಇಳಿಜಾರು ಇರುತ್ತದೆ. ಮೊನೆ ನೇರ ನಡುವಿಗೆ ಬೀಳದೆ ಅಂಚಿಗೆ ತಾಗಿದರೂ ಈ ಇಳಿಜಾರು ಅದನ್ನು ಒಳಕ್ಕೆ ಜಾರಿಸುತ್ತದೆ. ಇಳಿಜಾರು ಅಗಲವಾದಷ್ಟೂ ಹೊಸಬರಿಗೆ ದಯೆ ಹೆಚ್ಚು. ಇಳಿಜಾರೇ ಇಲ್ಲದ ಚೂಪು ಅಂಚಿನ ತೂತು ಮೊನೆಯನ್ನು ಒದ್ದು ಹೊರಹಾಕುತ್ತದೆ. ಆಳವೂ ಬೇಕು: ತೂತು ಮೋಟಾದರೆ ಮೊನೆಯ ತುದಿ ಒಳಗಿನ ಮಣಿಗೆ ಬಡಿದು, ಗುಂಡು ಅಡ್ಡತುಂಡಿನ ಮೇಲೆ ಕೂರದೆ ತುದಿಯಲ್ಲೇ ತೂಗಾಡುತ್ತದೆ. ತೀರ ಬಿಗಿಯಾದ ತೂತು ಮಳೆಗಾಲದಲ್ಲಿ ಮರ ಉಬ್ಬಿದಾಗ ಮೊನೆಯನ್ನು ಕಚ್ಚಿ ಹಿಡಿಯುವುದುಂಟು.

ಇನ್ನು ಗುಂಡಿನ ಮೈ. ಇಲ್ಲೇ ಹೆಚ್ಚು ವಾದ, ಹೆಚ್ಚು ಮಾರಾಟ. ಹಳೆಯ ಮಾದರಿಗಳ ಮೈ ಕನ್ನಡಿಯಂತೆ ಹೊಳೆಯುವ ಬಣ್ಣದ್ದು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಕಾವಿಗೆ ಕರಗಿಸಿ, ಗರಿಯಿಂದ ಉಜ್ಜಿ ಬರಿಸುವ ಹೊಳಪನ್ನು ಬೆರಳಿನಿಂದ ಸವರಿದವರಿಗೆ ಆ ನುಣುಪಿನ ಅಂದಾಜು ಸಿಗುತ್ತದೆ. ನೋಡಲು ಸುಖ, ತೊಮೆಕೆನ್‌ಗೆ ಅಡ್ಡಿಯಿಲ್ಲ. ಸಮತೋಲನದ ವರಸೆಗಳಿಗೆ ಮಾತ್ರ ವೈರಿ. ತೋದಾಯಿ, ಅಂದರೆ ದೀಪಸ್ತಂಭ ಎಂಬ ವರಸೆಯಲ್ಲಿ ಗುಂಡು ಕೈಯಲ್ಲಿದ್ದು, ಹಾರಿ ಬಂದ ಹಿಡಿ ತನ್ನ ಬುಡದ ಬಟ್ಟಲನ್ನು ಊರಿ ಗುಂಡಿನ ಮೇಲೆ ನೆಟ್ಟಗೆ ನಿಲ್ಲಬೇಕು. ಬಟ್ಟಲಿನ ಅಂಚಿನ ಒಂದು ಸಣ್ಣ ಉಂಗುರವಷ್ಟೇ ಗುಂಡಿಗೆ ತಾಗಿರುತ್ತದೆ. ನುಣುಪು ಗುಂಡಿನ ಮೇಲೆ ಆ ಉಂಗುರ ಜಾರುತ್ತದೆ, ದೀಪಸ್ತಂಭ ಮಗುಚುತ್ತದೆ. ಚಂದ್ರನ ಮೇಲೆ ಇಳಿಯುವುದು ಎಂಬ ಹೆಸರಿನ ವರಸೆ ಇನ್ನೂ ಕಷ್ಟದ್ದು.

ಹೀಗಾಗಿ ಹೊಳಪು ಕಡಿಮೆಯಾದ ಬಣ್ಣಗಳು ಬಂದವು, ಆಮೇಲೆ ರಬ್ಬರಿನಂತೆ ಬೆರಳಿಗೆ ಹತ್ತುವ ಬಣ್ಣಗಳು ಬಂದವು. ಅಂಟುಮೈಯ ಗುಂಡಿನಲ್ಲಿ ದೀಪಸ್ತಂಭ ನಿಲ್ಲುವುದು ನಿಜಕ್ಕೂ ಸುಲಭ. ಬೆಲೆ ತೆರಬೇಕಾದದ್ದು ಬೇರೆ ಕಡೆ. ಬಟ್ಟಲಿಗೆ ತುಸು ಓರೆಯಾಗಿ ಬಂದ ನುಣುಪು ಗುಂಡು ಜಾರಿಕೊಂಡು ತಳ ಸೇರುತ್ತದೆ. ಅಂಟುಗುಂಡು ತಾಗಿದ ಜಾಗದಲ್ಲೇ ಕಚ್ಚಿ ಉರುಳುತ್ತದೆ, ಕೆಲವೊಮ್ಮೆ ಅಂಚು ಹತ್ತಿ ಹೊರಬೀಳುತ್ತದೆ. ಇಳಿಜಾರಿನ ಮೇಲೂ ಅದೇ ಬಣ್ಣ ಇದ್ದರೆ ಮೊನೆ ಜಾರಬೇಕಾದ ಕಡೆ ತಡೆಯುತ್ತದೆ. ಮೇಲಾಗಿ ಅಂಟುಮೈ ಧೂಳನ್ನೂ ಬೆವರನ್ನೂ ಕೂಡಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ನಾಲ್ಕು ದಿನದಲ್ಲಿ ಹಿಡಿತ ಹೋಯಿತು. ಕಲಿಯುವವರಿಗೆ ನಡುವಣ ಹೊಳಪಿನದೇ ವಾಸಿ. ಅಂಟುಗುಂಡಿನಲ್ಲಿ ಕಲಿತ ಕೈ ನುಣುಪು ಗುಂಡಿನ ಎದುರು ಮಂಕಾಗುತ್ತದೆ, ನುಣುಪಿನಲ್ಲಿ ಪಳಗಿದ ಕೈಗೆ ಅಂಟುಗುಂಡು ಒಂದು ದಿನದ ಮಾತು.

ಹಿಡಿಯ ಕಡೆಗೆ ಬಂದರೆ, ಅದರ ಮರಕ್ಕೆ ಸಾಮಾನ್ಯವಾಗಿ ಬಣ್ಣ ಬಳಿಯುವುದಿಲ್ಲ. ಬರಿಮೈಯ ಮರಕ್ಕೆ ಹಿಡಿತ ಹೆಚ್ಚು. ಬೀಚ್, ಆಶ್, ಮೇಪಲ್ ಮೂರೂ ಬಳಕೆಯಲ್ಲಿವೆ. ಮೇಪಲ್ ಗಟ್ಟಿ, ಅದರ ಮೈ ಒತ್ತು. ಆಶ್‌ನ ಮೈಯಲ್ಲಿ ಕಣ್ಣಿಗೆ ಕಾಣುವ ಸಣ್ಣ ರಂಧ್ರಗಳ ಸಾಲಿದ್ದು ಬೆರಳಿಗೂ ಗುಂಡಿಗೂ ಹಿಡಿತ ಕೊಡುತ್ತದೆ. ಯಾವ ಮರವಾದರೂ ನಾರಿನ ಎಳೆಗಳು ಹಿಡಿಯ ಉದ್ದಕ್ಕೆ ಓಡಬೇಕು. ಎಳೆ ಅಡ್ಡವಾಗಿದ್ದರೆ ಒಂದು ದಿನ ಕೈತಪ್ಪಿ ಸಿಮೆಂಟು ನೆಲಕ್ಕೆ ಬಿದ್ದಾಗ ಮೊನೆ ಮುರಿಯುವುದು ಖಂಡಿತ.

ಮೊನೆ ಎಷ್ಟು ಚೂಪಿರಬೇಕು ಎಂಬುದರಲ್ಲಿ ಹದ ಬೇಕು. ಸೂಜಿಯಂತಿದ್ದರೆ ತೂತನ್ನು ಬೇಗ ಹುಡುಕುತ್ತದೆ, ಆದರೆ ಗುಂಡಿನ ಮೈಯನ್ನೆಲ್ಲ ಕುಕ್ಕಿ ಗಾಯ ಮಾಡುತ್ತದೆ, ತಾನೂ ಮಣಿಯುತ್ತದೆ. ತೀರ ಮೊಂಡಾದರೆ ಇಳಿಜಾರಿನ ಅಂಚಿನಲ್ಲೇ ನಿಂತುಬಿಡುತ್ತದೆ. ತುದಿ ತುಸುವೇ ದುಂಡಗಿದ್ದು, ಅಲ್ಲಿಂದ ಬುಡದವರೆಗೆ ಒಂದೇ ಹದದಲ್ಲಿ ದಪ್ಪವಾಗುತ್ತ ಬರಬೇಕು. ನಡುವೆ ಉಬ್ಬಿದ ಮೊನೆ ಗುಂಡಿಗೆ ಹೋದ ಮೇಲೂ ಅಲ್ಲಾಡುತ್ತದೆ.

ಬಟ್ಟಲು ದೊಡ್ಡದಾದಷ್ಟೂ ಗುಂಡು ಕೂರುವುದು ಸುಲಭ ಎಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಆಟವೆಲ್ಲ ಅಂಚಿನಲ್ಲಿದೆ. ಉಗುಯಿಸು ಎಂಬುದು ಜಪಾನಿನ ಒಂದು ಹಾಡುಹಕ್ಕಿ. ಅದೇ ಹೆಸರಿನ ವರಸೆಯಲ್ಲಿ ಗುಂಡು ಬಟ್ಟಲಿನೊಳಗೆ ಕೂರುವುದೇ ಇಲ್ಲ. ಗುಂಡಿನ ತೂತಿನ ಅಂಚು ಬಟ್ಟಲಿನ ಅಂಚಿಗೆ ಸಿಕ್ಕಿಕೊಂಡು, ಗುಂಡು ಮೊನೆಗೆ ಒರಗಿ, ಕೊಂಬೆಯ ಮೇಲಿನ ಹಕ್ಕಿಯಂತೆ ನಿಲ್ಲುತ್ತದೆ. ಬಟ್ಟಲಿನ ಅಂಚನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದರೆ ಹಕ್ಕಿ ಕೂರುವುದಿಲ್ಲ. ಅಂಚು ತೆಳುವಾಗಿ ಎದ್ದಿದ್ದರೆ ಕೂರುತ್ತದೆ, ಆದರೆ ಪೆಟ್ಟು ಬಿದ್ದಾಗ ಚಕ್ಕೆ ಏಳುವುದೂ ಅಲ್ಲೇ.

ಬಟ್ಟಲಿನ ಗಡಸುತನ ಇನ್ನೊಂದು ವಿಷಯ. ಹತ್ತು ಸೆಂಟಿಮೀಟರ್ ಎತ್ತರದಿಂದ ಬಿದ್ದ ಗುಂಡು ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಬಟ್ಟಲಿಗೆ ಬಡಿಯುತ್ತದೆ. ಗಟ್ಟಿ ಬಣ್ಣದ ಗುಂಡು ಗಟ್ಟಿ ಮೇಪಲ್ ಬಟ್ಟಲಿಗೆ ಬಿದ್ದರೆ ಪುಟಿಯುತ್ತದೆ. ಬಟ್ಟಲು ಅದೇ ಹೊತ್ತಿಗೆ ಗುಂಡಿನ ಅರ್ಧ ವೇಗದಲ್ಲಿ ಕೆಳಗಿಳಿಯುತ್ತಿದ್ದರೆ ಬಡಿತದ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಮೊಣಕಾಲು ಬಗ್ಗಿಸು ಎಂದು ಕಲಿಸುವವರು ಗಂಟಲು ಹರಿಯುವಂತೆ ಹೇಳುವುದು ಇದಕ್ಕೇ. ಹಿಂದಿನ ಮಕ್ಕಳ ಹಾಡೊಂದರ ಲಯಕ್ಕೆ ದೊಡ್ಡ ಬಟ್ಟಲಿನಿಂದ ಬುಡದ ಬಟ್ಟಲಿಗೆ, ಮತ್ತೆ ದೊಡ್ಡದಕ್ಕೆ ಗುಂಡನ್ನು ನೂರಾರು ಸಲ ದಾಟಿಸುವ ಮೊಶಿಕಾಮೆ ವರಸೆಯಲ್ಲಿ ಪುಟಿಯುವ ಆಟಿಕೆ ಬೇಗ ಸೋಲಿಸುತ್ತದೆ. ಆಮೆ ಮೊಲದ ಆ ಹಾಡಿನ ಮೊದಲ ನುಡಿಗಳೇ ವರಸೆಯ ಹೆಸರು.

ಅಡ್ಡತುಂಡು ಹಿಡಿಗೆ ಬಿಗಿಯಾಗಿ ಕೂತಿರಬೇಕು. ಸಾಮಾನ್ಯವಾಗಿ ಅದನ್ನು ಅಂಟಿಸಿರುವುದಿಲ್ಲ, ತೊಡಿಸಿರುತ್ತಾರೆ; ದಾರ ಅದನ್ನು ಬಿಡದಂತೆ ಹಿಡಿದಿರುತ್ತದೆ. ಸಡಿಲವಾದರೆ ಗುಂಡು ಬಿದ್ದಾಗಲೆಲ್ಲ ಬಟ್ಟಲು ಒಂದಿಷ್ಟು ವಾಲುತ್ತದೆ, ಗಡಗಡ ಸದ್ದಾಗುತ್ತದೆ. ಒಣಹವೆಯಲ್ಲಿ ಮರ ಕುಗ್ಗಿದಾಗ ಈ ದೋಷ ತಲೆಹಾಕುತ್ತದೆ. ಒಳಗೊಂದು ಕಾಗದದ ಚೂರು ಸುತ್ತಿ ತೊಡಿಸಿದರೆ ಸರಿಹೋಗುತ್ತದೆ. ಹಿಡಿಯ ತೂಕವೆಲ್ಲ ತಲೆಭಾಗಕ್ಕೆ ಸೇರಿರುವುದು ಈ ಅಡ್ಡತುಂಡಿನಿಂದಲೇ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸುವುದಕ್ಕಿಂತ ಕೋಲು ನಿಲ್ಲಿಸುವುದು ಸುಲಭ. ತೂಕ ಎತ್ತರದಲ್ಲಿದ್ದಷ್ಟೂ ವಾಲುವುದು ನಿಧಾನ, ಸರಿಪಡಿಸಲು ಕೈಗೆ ಸಮಯ ಸಿಗುತ್ತದೆ. ದೀಪಸ್ತಂಭಕ್ಕೆ ಇದು ಅನುಕೂಲ. ಹಿಡಿಯೇ ಹಾರಿ ಗುಂಡಿನ ತೂತಿಗೆ ಇಳಿಯಬೇಕಾದ ವಿಮಾನ ಎಂಬ ವರಸೆಯಲ್ಲಿ ಮಾತ್ರ ತೀರ ತಲೆಭಾರದ ಹಿಡಿ ಸುತ್ತುವ ಲಯವನ್ನು ಕೆಡಿಸುತ್ತದೆ.

ದಾರವನ್ನು ಯಾರೂ ಗಮನಿಸುವುದಿಲ್ಲ, ಆದ್ದರಿಂದಲೇ ಹೆಚ್ಚು ಕೆಂದಾಮಗಳು ದಾರದಿಂದ ಕೆಡುತ್ತವೆ. ಉದ್ದ ಸುಮಾರು 38ರಿಂದ 40 ಸೆಂಟಿಮೀಟರ್ ಇದ್ದರೆ ಹೆಚ್ಚಿನ ವರಸೆಗಳಿಗೆ ಸಾಕು. ಗಿಡ್ಡವಾದರೆ ಗುಂಡು ಎದ್ದ ಮೇಲೆ ದಾರ ಮತ್ತೆ ಬಿಗಿದು ಅದನ್ನು ಪಕ್ಕಕ್ಕೆ ಸೆಳೆಯುತ್ತದೆ. ಉದ್ದವಾದರೆ ಬಟ್ಟಲಿಗೂ ಮೊನೆಗೂ ಸುತ್ತಿಕೊಳ್ಳುತ್ತದೆ. ದಪ್ಪ ದಾರ ಸೆಟೆದು ನಿಂತು ಗುಂಡಿನ ದಾರಿಗೆ ಅಡ್ಡ ಬರುತ್ತದೆ, ತೆಳು ದಾರ ಬೇಗ ಹರಿಯುತ್ತದೆ. ಆಡುತ್ತ ಆಡುತ್ತ ದಾರಕ್ಕೆ ಹುರಿ ಏರುತ್ತದೆ. ಹುರಿ ಏರಿದ ದಾರದಲ್ಲಿ ತೂಗುವ ಗುಂಡು ಆಟಗಾರ ನಿಂತಿದ್ದರೂ ತಾನೇ ತಿರುಗುತ್ತಿರುತ್ತದೆ. ಹಿಡಿಯನ್ನು ಎತ್ತಿ ಹಿಡಿದು ಗುಂಡನ್ನು ಇಳಿಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತದೆ. ದಾರ ಹೊರಬರುವ ರಂಧ್ರ ಅಡ್ಡತುಂಡಿನ ಒಂದು ಬದಿಯಲ್ಲಿರುವುದರಿಂದ ಬಲಗೈಯವರ ಜೋಡಣೆ ಎಡಗೈಯವರಿಗೆ ಹೊಂದುವುದಿಲ್ಲ. ಅಡ್ಡತುಂಡನ್ನು ತೆಗೆದು ತಿರುಗಿಸಿ ತೊಡಿಸಬೇಕು. ಎಡಗೈ ಮಕ್ಕಳು ದಾರಕ್ಕೆ ಸಿಕ್ಕಿ ಒದ್ದಾಡುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಅಂಗಡಿಯಲ್ಲಿ ಕೊಳ್ಳುವಾಗ ನೋಡಬೇಕಾದದ್ದು ಎರಡು ನಿಮಿಷದ ಕೆಲಸ. ಗುಂಡನ್ನು ಇಳಿಬಿಟ್ಟು ತೂತು ನೇರ ಕೆಳಗೆ ನೋಡುತ್ತಿದೆಯೇ ಎಂದು ಕಣ್ಣಳತೆ ಹಾಕಬೇಕು. ಗುಂಡನ್ನು ಮೊನೆಗೆ ಸಿಕ್ಕಿಸಿ, ಹಿಡಿಯನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸಿದರೆ ಓರೆ ತೂತು ಬಯಲಾಗುತ್ತದೆ. ಗುಂಡು ಬುಗುರಿಯಂತೆ ತೂರಾಡುತ್ತದೆ. ಅಡ್ಡತುಂಡನ್ನು ಚಿವುಟಿ ಅಲ್ಲಾಡಿಸಿ ನೋಡಬೇಕು. ಬಣ್ಣದ ಪಟ್ಟೆ ಎಷ್ಟಿವೆ ಎಂಬುದು ಆಮೇಲಿನ ಮಾತು.

ಹೊಸ ಕೆಂದಾಮ ಎಷ್ಟೇ ಒಳ್ಳೆಯದಾದರೂ ಮೊದಲ ದಿನ ಪೂರ್ತಿ ಆಡುವುದಿಲ್ಲ. ವಾರಗಟ್ಟಲೆ ಮೊನೆ ಹೊಕ್ಕು ಹೊರಟು ಇಳಿಜಾರಿನ ಬಣ್ಣ ಎದ್ದು ಬರಿಮರ ಕಾಣಿಸಬೇಕು, ಬಟ್ಟಲುಗಳ ಒಳಮೈ ಗುಂಡಿನ ಬಾಗಿಗೆ ಒಗ್ಗಬೇಕು, ಗುಂಡಿನ ಹೊಳಪು ಸಣ್ಣ ತಗ್ಗುಗಳಿಂದ ಮುರಿಯಬೇಕು. ಈ ತಗ್ಗುಗಳೇ ಬಟ್ಟಲಿನ ಅಂಚಿಗೆ ಹಿಡಿತ ಕೊಡುತ್ತವೆ. ಹೊಳೆಯುವ ಗುಂಡಿನ ಮೇಲೆ ನಿಲ್ಲದ ದೀಪಸ್ತಂಭ ಮೂರು ತಿಂಗಳ ಹಳೆಯ ಗುಂಡಿನ ಮೇಲೆ ನಿಲ್ಲುತ್ತದೆ. ಸವೆತ ಮುಂದುವರಿದು ತೂತಿನ ಬಾಯಿ ಅಗಲವಾದರೆ, ಮೊನೆ ಹೂವಿನಂತೆ ಅರಳಿದರೆ ಮತ್ತೆ ಇಳಿಗಾಲ. ಅರಳಿದ ಮೊನೆಯನ್ನು ಉಪ್ಪುಕಾಗದದಿಂದ ಉಜ್ಜಿ ಒಂದೆರಡು ಸಲ ಸರಿಪಡಿಸಬಹುದು. ಹರಿದ ದಾರವನ್ನು ಮಣಿಯ ಸಮೇತ ಬದಲಿಸುವುದು ಐದು ನಿಮಿಷದ ಕೆಲಸ. ಗುಂಡು ತೂತಿನ ಬಾಯಿಂದ ಎಳೆಯ ಉದ್ದಕ್ಕೆ ಸೀಳಿದರೆ ಮಾತ್ರ ಅಂಟು ಹಾಕಿದರೂ ಅದರ ಸಮತೂಕ ಮೊದಲಿನಂತೆ ಬರುವುದಿಲ್ಲ. ಹಿಡಿಯನ್ನು ಇಟ್ಟುಕೊಂಡು ಹೊಸ ಗುಂಡು ಕಟ್ಟುತ್ತಾರೆ.